ಡ್ರೋನ್‌ನಿಂದ ಕೆರೆಯ ಪಾಚಿಬಣ್ಣ ಅಳೆಯುವ ಕ್ರಮ: ಕ್ಯಾಮೆರಾ ಆಯ್ಕೆಯಿಂದ ನಕ್ಷೆಯವರೆಗೆ

"ನಕ್ಷೆ ಚೆಂದ ಬಂದಿದೆ, ಲ್ಯಾಬಿನ ಅಂಕಿಗೆ ಮಾತ್ರ ತಾಳೆಯಾಗುತ್ತಿಲ್ಲ." ಕೆರೆಯ ಮೇಲೆ ಸ್ಪೆಕ್ಟ್ರಲ್ ಕ್ಯಾಮೆರಾ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆಯುವ ಕ್ಯಾಮೆರಾ, ಹಾರಿಸಿ ಪಾಚಿ ಅಳೆಯಲು ಹೊರಟವರು ಮತ್ತೆ ಮತ್ತೆ ಹೇಳುವ ಮಾತಿದು. ಚಿತ್ರಗಳನ್ನು ತೆರೆದು ನೋಡಿದರೆ ತಪ್ಪು ಸಾಫ್ಟ್‌ವೇರಿನಲ್ಲಿ ಇರುವುದು ಅಪರೂಪ. ಹೊಲಕ್ಕೆ ಒಗ್ಗುವ ಕ್ಯಾಮೆರಾವನ್ನು, ಹೊಲಕ್ಕೆ ಒಗ್ಗುವ ಹೊತ್ತಿನಲ್ಲಿ, ಹೊಲಕ್ಕೆ ಒಗ್ಗುವ ಸೆಟ್ಟಿಂಗಿನಲ್ಲಿ ನೀರಿನ ಮೇಲೆ ಹಾರಿಸಿರುತ್ತಾರೆ.

ಹಸಿರೆಲೆ ತನ್ನ ಮೇಲೆ ಬಿದ್ದ ಅವಕೆಂಪು (ಇನ್‌ಫ್ರಾರೆಡ್) ಬೆಳಕಿನಲ್ಲಿ ಹತ್ತಿರ ಹತ್ತಿರ ಅರ್ಧವನ್ನು ವಾಪಸು ಕಳಿಸುತ್ತದೆ. ಕೆರೆಯ ಒಳಗಿನಿಂದ ಮೇಲೆ ಬರುವ ಬೆಳಕು ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಐದು ಪಾಲು, ಅಷ್ಟೇ. ಇದರ ಮೇಲೆ ಆಕಾಶದ ಪ್ರತಿಬಿಂಬ, ಅಲೆಗಳ ಮೇಲಿನ ಬಿಸಿಲಿನ ಥಳಕು, ದಡದ ಮರಗಳ ನೆರಳು ಬೇರೆ. ಬೇಡದ ಬೆಳಕು ಬೇಕಾದ ಬೆಳಕನ್ನು ಮುಳುಗಿಸಿಬಿಡುವುದು ಇಲ್ಲಿ ಬಹಳ ಸುಲಭ. ಆದ್ದರಿಂದ ಕೆಳಗಿನ ಹಂತಗಳ ಕ್ರಮ ಬದಲಿಸಬೇಡಿ. ಮೊದಲ ಐದು ಹಂತ ಡ್ರೋನ್ ಮೇಲೇಳುವ ಮೊದಲಿನವು. ಅಲ್ಲಿ ತಪ್ಪಿದ್ದನ್ನು ಕಂಪ್ಯೂಟರ್ ಮುಂದೆ ಕೂತು ಸರಿಪಡಿಸಲು ಬರುವುದಿಲ್ಲ.

ಉದಾಹರಣೆಗೆ ಇಟ್ಟುಕೊಂಡಿರುವುದು ನಮ್ಮ ಊರುಗಳ ಕೆರೆ: ಕೊಳಚೆ ನೀರು ಸೇರಿ, ಬೇಸಿಗೆಯಲ್ಲಿ ನೀಲಿ-ಹಸಿರು ಪಾಚಿ ಅಂದರೆ ಸಯನೋಬ್ಯಾಕ್ಟೀರಿಯಾ ಉಕ್ಕುವ ಕೆರೆ.

## 1. ಯಾವ ವರ್ಣದ್ರವ್ಯ ಬೇಕು ಎಂದು ಮೊದಲು ಬರೆದಿಡಿ

"ಪಾಚಿ ಅಳೆಯಬೇಕು" ಎಂಬುದು ಗುರಿಯಾಗಲಾರದು. ಕ್ಯಾಮೆರಾ ಪಾಚಿಯನ್ನು ಕಾಣುವುದಿಲ್ಲ, ವರ್ಣದ್ರವ್ಯ ಬೆಳಕನ್ನು ಹೀರಿದ ಗುರುತನ್ನು ಕಾಣುತ್ತದೆ. ಆ ಗುರುತು ಬೀಳುವ ಜಾಗಗಳು (ಬೆಳಕಿನ ತರಂಗಾಂತರ, ನ್ಯಾನೊಮೀಟರಿನಲ್ಲಿ) ಇವು:

- ಕ್ಲೋರೊಫಿಲ್-ಎ: ನೀಲಿಯಲ್ಲಿ 440 ನ್ಯಾನೊಮೀಟರ್ ಸುತ್ತ, ಕೆಂಪಿನಲ್ಲಿ 675ರ ಸುತ್ತ ಹೀರಿಕೆ. ಎಲ್ಲ ಪಾಚಿಗಳಲ್ಲೂ, ಸಯನೋಬ್ಯಾಕ್ಟೀರಿಯಾದಲ್ಲೂ ಇದೆ.
- ಫೈಕೊಸಯನಿನ್: 620ರ ಸುತ್ತ. ನಮ್ಮ ಸಿಹಿನೀರಿನ ಕೆರೆಗಳಲ್ಲಿ ಇದು ಸಯನೋಬ್ಯಾಕ್ಟೀರಿಯಾದ ಗುರುತು ಎಂದೇ ಹಿಡಿಯಬಹುದು.
- ಫೈಕೊಎರಿಥ್ರಿನ್: 545ರಿಂದ 565ರ ನಡುವೆ.
- ಕ್ಲೋರೊಫಿಲ್-ಬಿ: ಕೆಂಪಿನಲ್ಲಿ 650ರ ಸುತ್ತ. ಹಸಿರು ಪಾಚಿಯದು.
- ಕೆರೊಟಿನಾಯ್ಡ್‌ಗಳು: 450ರಿಂದ 550ರವರೆಗೆ ಹರಡಿಕೊಂಡಿವೆ. ಒಂದನ್ನೊಂದು ಬೇರ್ಪಡಿಸುವುದು ಕಷ್ಟ.
- ಬ್ಯಾಕ್ಟೀರಿಯೊಕ್ಲೋರೊಫಿಲ್-ಎ: 800ರಿಂದ ಆಚೆ. ನೇರಳೆ ಬ್ಯಾಕ್ಟೀರಿಯಾದಲ್ಲಿ.

ಕೊನೆಯ ಎರಡು ಉಪ್ಪಿನ ಆಗರ, ಗಂಧಕದ ಕೊಳದಂಥ ಕಡೆ ಮುಖ್ಯವಾಗುತ್ತವೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಉಪ್ಪಿನ ಕೊಳಗಳು ವಿಮಾನದ ಕಿಟಕಿಯಿಂದಲೇ ಕೆಂಪಗೆ ಕಾಣುವುದಕ್ಕೆ ಡುನಾಲಿಯೆಲ್ಲಾ ಎಂಬ ಪಾಚಿಯ ಬೀಟಾ ಕೆರೊಟೀನೂ ಆರ್ಕಿಯಾ ಎಂಬ ಉಪ್ಪುಪ್ರಿಯ ಸೂಕ್ಷ್ಮಜೀವಿಗಳ ವರ್ಣದ್ರವ್ಯವೂ ಕಾರಣ. ಊರ ಕೆರೆಗೆ ಮೊದಲೆರಡು ಸಾಕು: ಕ್ಲೋರೊಫಿಲ್-ಎ ಒಟ್ಟು ಪಾಚಿ ಎಷ್ಟು ಎನ್ನುತ್ತದೆ, ಫೈಕೊಸಯನಿನ್ ಅದರಲ್ಲಿ ಸಯನೋಬ್ಯಾಕ್ಟೀರಿಯಾದ ಪಾಲು ಎಷ್ಟು ಎನ್ನುತ್ತದೆ.

ಈ ಹಂತದಲ್ಲೇ ಒಂದು ಬಾಟಲಿ ನೀರು ತಂದು ಸೂಕ್ಷ್ಮದರ್ಶಕದಡಿ ನೋಡಿ. ಮೈಕ್ರೊಸಿಸ್ಟಿಸ್ ಎಂಬ ಸಯನೋಬ್ಯಾಕ್ಟೀರಿಯಾದ ಗುಂಪುಗಳು ಕಂಡರೆ ಫೈಕೊಸಯನಿನ್ ಹುಡುಕುವುದರಲ್ಲಿ ಅರ್ಥವಿದೆ. ಬರೀ ಹಸಿರು ಪಾಚಿಯೋ ಯೂಗ್ಲಿನಾ ಎಂಬ ಏಕಕೋಶಜೀವಿಯೋ ತುಂಬಿದ್ದರೆ ಕ್ಲೋರೊಫಿಲ್‌ಗೆ ನಿಲ್ಲಿ. ಈ ಸಣ್ಣ ಕೆಲಸ ಬಿಟ್ಟವರು ಮುಂದೆ 620ರ ಅಂಕಿಗೆ ಇಲ್ಲದ ಅರ್ಥ ಹಚ್ಚುತ್ತಾರೆ.

## 2. ಕ್ಯಾಮೆರಾದಲ್ಲಿ ಆ ಬಣ್ಣಪಟ್ಟಿ ಇದೆಯೇ ನೋಡಿ

ಬಹಳ ಮಂದಿ ಇಲ್ಲೇ ಎಡವುತ್ತಾರೆ. ಕೃಷಿ ಡ್ರೋನ್‌ಗಳ ಮಲ್ಟಿಸ್ಪೆಕ್ಟ್ರಲ್ ಕ್ಯಾಮೆರಾ ಸುಲಭಕ್ಕೆ ಬಾಡಿಗೆಗೆ ಸಿಗುತ್ತದೆ. ಅದರ ಪಟ್ಟಿಗಳನ್ನು, ಅಂದರೆ ಅದು ಕಾಣುವ ಕಿರಿದಾದ ತರಂಗಾಂತರದ ಭಾಗಗಳನ್ನು, ಬೆಳೆಗೆ ಬೇಕಾದಂತೆ ಆರಿಸಿರುತ್ತಾರೆ. ಮೈಕಾಸೆನ್ಸ್ ರೆಡ್‌ಎಡ್ಜ್-ಎಂಎಕ್ಸ್‌ನಲ್ಲಿರುವ ಐದು ಪಟ್ಟಿಗಳ ನಡುಬಿಂದು 475, 560, 668, 717, 840. ಡಿಜೆಐ ಫ್ಯಾಂಟಮ್ 4 ಮಲ್ಟಿಸ್ಪೆಕ್ಟ್ರಲ್‌ನಲ್ಲಿ 450, 560, 650, 730, 840. ಎರಡರಲ್ಲೂ 620 ಇಲ್ಲ. ಫೈಕೊಸಯನಿನ್ ನಕ್ಷೆ ಎಂದು ಇವುಗಳಿಂದ ಬಂದದ್ದು ಕ್ಲೋರೊಫಿಲ್‌ನ ಇನ್ನೊಂದು ವೇಷ ಮಾತ್ರ.

ಕ್ಲೋರೊಫಿಲ್‌ಗೆ ಬೇಕಾದ ಜೋಡಿ 665ರ ಸುತ್ತಲಿನ ಹೀರಿಕೆ ಮತ್ತು 705-710ರ ಸುತ್ತಲಿನ ಪ್ರತಿಫಲನದ ಏರು. ಪಾಚಿ ಹೆಚ್ಚಿದಂತೆ ಈ ಏರು ಎತ್ತರವಾಗುತ್ತ 690ರ ಕಡೆಯಿಂದ 710ರ ಕಡೆಗೆ ಸರಿಯುತ್ತದೆ. 717ರ ಪಟ್ಟಿ ಅದನ್ನು ಅಂಚಿನಲ್ಲಿ ಹಿಡಿದೀತು. 730ಕ್ಕೆ ಬರುವ ಹೊತ್ತಿಗೆ ನೀರೇ ಬೆಳಕನ್ನು ಹೀರತೊಡಗಿರುತ್ತದೆ.

ಫೈಕೊಸಯನಿನ್ ಬೇಕೇ ಬೇಕೆಂದಿದ್ದರೆ 600, 620, 650, 665, 709 ಈ ಜಾಗಗಳನ್ನು ಹತ್ತು ನ್ಯಾನೊಮೀಟರ್ ಅಥವಾ ಅದಕ್ಕಿಂತ ಕಿರಿದಾದ ಪಟ್ಟಿಯಲ್ಲಿ ಕೊಡುವ ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ ಹುಡುಕಿ. ಅದು ಕೈಗೆಟುಕದಿದ್ದರೆ ದಡದಿಂದ ಅಥವಾ ತೆಪ್ಪದಿಂದ ಹಿಡಿಯುವ ಸ್ಪೆಕ್ಟ್ರೊಮೀಟರ್ ಒಂದರಲ್ಲಿ 620 ಅಳೆದು, ಡ್ರೋನ್ ಅನ್ನು ಕ್ಲೋರೊಫಿಲ್‌ನ ಹರಡಿಕೆಗೆ ಮಾತ್ರ ಬಳಸಿ. ಈ ರಾಜಿ ಎಷ್ಟೋ ಕೆರೆಗಳಿಗೆ ಸಾಕು ಎಂಬುದು ನನ್ನ ಎಣಿಕೆ.

ಕ್ಯಾಮೆರಾ ಇಲ್ಲದೆ ಅಭ್ಯಾಸ ಮಾಡಲು ಬಯಸುವವರಿಗೆ ಒಂದು ದಾರಿಯಿದೆ. 2015ರ ಡಿಸೆಂಬರ್‌ನಿಂದ 2016ರ ಮಾರ್ಚ್‌ವರೆಗೆ ಇಸ್ರೊ ಮತ್ತು ನಾಸಾ ಸೇರಿ ಏವಿರಿಸ್-ಎನ್‌ಜಿ ಎಂಬ ಉಪಕರಣವನ್ನು ಇಸ್ರೊದ ಬಿ-200 ವಿಮಾನದಲ್ಲಿ ಭಾರತದ ಹಲವು ತಾಣಗಳ ಮೇಲೆ ಹಾರಿಸಿದ್ದವು. 380ರಿಂದ 2510 ನ್ಯಾನೊಮೀಟರ್‌ವರೆಗೆ ಸುಮಾರು ಐದೈದರ ಅಂತರದಲ್ಲಿ ಅದು ಅಳೆಯುತ್ತದೆ. ಅಂಥ ದತ್ತಾಂಶದ ಮೇಲೆ ಮುಂದಿನ 9 ಮತ್ತು 10ನೇ ಹಂತ ಮಾಡಿ ನೋಡಿದರೆ ಕೈ ಪಳಗುತ್ತದೆ. ಆದರೆ ವಿಮಾನದ ಎತ್ತರದಲ್ಲಿ ಗಾಳಿಯ ಮಬ್ಬನ್ನು ಕಳೆಯುವ ಕೆಲಸ ದೊಡ್ಡದು. ನೂರು ಮೀಟರ್ ಡ್ರೋನ್‌ಗೆ ಅದು ನಗಣ್ಯ.

## 3. ಅನುಮತಿ, ಸಲಕರಣೆ

ಡ್ರೋನ್ ನಿಯಮಗಳು 2021ರ ಪ್ರಕಾರ ಸರ್ಕಾರದ ಡಿಜಿಟಲ್ ಸ್ಕೈ ವಾಯುಪ್ರದೇಶ ನಕ್ಷೆಯಲ್ಲಿ ನಿಮ್ಮ ಕೆರೆ ಹಸಿರು, ಹಳದಿ, ಕೆಂಪು ಯಾವ ವಲಯದಲ್ಲಿದೆ ನೋಡಿ. ಹಸಿರಿನಲ್ಲಿ 120 ಮೀಟರ್‌ವರೆಗೆ ಹಾರಬಹುದು. ಬೆಂಗಳೂರಿನ ಬೆಳ್ಳಂದೂರು ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ, ಜಕ್ಕೂರು ಕೆರೆ ಅಲ್ಲಿನ ಏರೋಡ್ರೋಮಿನ ಪಕ್ಕ. ಇಂಥ ಕಡೆ ಮೊದಲು ಅನುಮತಿ, ಆಮೇಲೆ ಉಳಿದದ್ದು. ಕೆರೆಯ ಉಸ್ತುವಾರಿ ಇಲಾಖೆಯಿಂದಲೂ ಕಾಗದ ಪಡೆಯಿರಿ. ಏರಿಯ ಮೇಲೆ ನಿಂತ ಕಾವಲುಗಾರನಿಗೆ ತೋರಿಸಲು ಅದೇ ಬೇಕಾಗುತ್ತದೆ.

ಸಲಕರಣೆ: ಕ್ಯಾಮೆರಾದ ಜೊತೆಗೆ ಬೀಳುವ ಬೆಳಕನ್ನು ಅಳೆಯುವ ಮೇಲ್ಮುಖ ಸಂವೇದಕ, ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ವಾಪಸು ಕಳಿಸುತ್ತದೆ ಎಂಬುದು ಗೊತ್ತಿರುವ ಬೂದು ಬಣ್ಣದ ಪ್ರತಿಫಲನ ಫಲಕ, ಗಾಳಿವೇಗ ಮಾಪಕ, ನೀರಿನ ತಿಳಿ ಎಷ್ಟೆಂದು ಅಳೆಯಲು ಇಳಿಬಿಡುವ ಸೆಕಿ ತಟ್ಟೆ, ಕಂದು ಅಥವಾ ಕಪ್ಪು ಬಾಟಲಿಗಳು, ಐಸ್ ಪೆಟ್ಟಿಗೆ, ಜಿಪಿಎಸ್, ಕೈಗವಸು, ಲೈಫ್ ಜಾಕೆಟ್, ತೆಪ್ಪ, ಅದನ್ನು ನಡೆಸಬಲ್ಲವರು. ಕೊನೆಯದನ್ನು ಲಘುವಾಗಿ ನೋಡಬೇಡಿ. ಕೆರೆಯ ಮೀನುಗಾರರಿಗೆ ಗಾಳಿ ಎತ್ತ ತಿರುಗಿದರೆ ಪಾಚಿ ಎತ್ತ ಸೇರುತ್ತದೆ ಎಂಬುದು ನಿಮ್ಮ ಮಾದರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಹದ್ದುಗಳ ಮಾತೂ ಹೇಳಬೇಕು. ನಗರದ ಕೆರೆಗಳ ಮೇಲೆ ಅವು ಸುತ್ತುತ್ತಲೇ ಇರುತ್ತವೆ, ಡ್ರೋನ್ ಮೇಲೆ ಎರಗುವುದೂ ಉಂಟು. ಒಬ್ಬರು ಪರದೆ ನೋಡಲಿ, ಇನ್ನೊಬ್ಬರು ಆಕಾಶ ನೋಡಲಿ. ಹೆಜ್ಜಾರ್ಲೆ, ಬಕಗಳು ಗೂಡು ಕಟ್ಟಿರುವ ನಡುಗಡ್ಡೆಯ ಮೇಲೆ ಹಾರಾಟ ಬೇಡ.

## 4. ಹಾರಾಟದ ಹೊತ್ತು: ನಡುಮಧ್ಯಾಹ್ನ ಬೇಡ

ಕ್ಯಾಮೆರಾದ ಕೈಪಿಡಿಗಳು ನಡುಮಧ್ಯಾಹ್ನದ ಆಸುಪಾಸಿನಲ್ಲಿ ಹಾರಿಸಿ ಎನ್ನುತ್ತವೆ. ಹೊಲಕ್ಕೆ ಅದು ಸರಿ. ಯುರೋಪಿನ ಕೆರೆಗೂ ನಡೆದೀತು, ಏಕೆಂದರೆ ಅಲ್ಲಿ ನಡುಹಗಲಲ್ಲೂ ಸೂರ್ಯ ಓರೆಯಾಗಿಯೇ ಇರುತ್ತಾನೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮೂರನೇ ವಾರದಲ್ಲೊಮ್ಮೆ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ನೇರ ಕೆಳಗೆ ನೋಡುವ ಕ್ಯಾಮೆರಾಗೆ ಆಗ ಕಾಣುವುದು ನೀರಿನೊಳಗಿನ ಪಾಚಿಯಲ್ಲ, ನೀರಿನ ಮೇಲೆ ಕುಣಿಯುವ ಸೂರ್ಯ.

ಲೆಕ್ಕ ಹೀಗಿದೆ. ಸೂರ್ಯ ನೆತ್ತಿಯಿಂದ 40 ಡಿಗ್ರಿ ಓರೆಯಲ್ಲಿದ್ದರೆ, ಅವನ ಬೆಳಕನ್ನು ನೇರ ಮೇಲಕ್ಕೆ ಚಿಮ್ಮಿಸಲು ಅಲೆಯ ಮೈ 20 ಡಿಗ್ರಿ ವಾಲಬೇಕು. ಗಾಳಿ ಕಡಿಮೆ ಇದ್ದಾಗ ಅಷ್ಟು ವಾಲುವ ಅಲೆಗಳು ವಿರಳ. ಸೂರ್ಯ 10 ಡಿಗ್ರಿ ಓರೆಯಲ್ಲಿದ್ದರೆ ಬರೀ 5 ಡಿಗ್ರಿ ವಾಲಿದರೆ ಸಾಕು. ಸಣ್ಣ ತೆರೆಯೂ ಥಳಗುಟ್ಟುತ್ತದೆ. ಕ್ಯಾಮೆರಾದ ನೋಟದ ಅಗಲವೂ ಸೇರುತ್ತದೆ. 47 ಡಿಗ್ರಿ ಅಗಲ ನೋಡುವ ಲೆನ್ಸಿನಲ್ಲಿ ಥಳಕು ಬರುವ ಬದಿಯ ಅಂಚಿಗೆ 8 ಡಿಗ್ರಿ ವಾಲಿದ ಅಲೆಯೇ ಸಾಕಾಗುತ್ತದೆ. ಹಾಗಾಗಿಯೇ ಚಿತ್ರದ ಅರ್ಧ ಚೆನ್ನಾಗಿದ್ದು ಇನ್ನರ್ಧ ಬೆಳ್ಳಗಾಗಿರುತ್ತದೆ.

ಸೂರ್ಯ ದಿಗಂತದಿಂದ 35ರಿಂದ 50 ಡಿಗ್ರಿ ಎತ್ತರದಲ್ಲಿರುವ ಹೊತ್ತನ್ನು ಹಿಡಿಯಿರಿ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಗೆ ಅದು ಬೆಳಗ್ಗೆ ಸುಮಾರು 8.30ರಿಂದ 9.35. ಡಿಸೆಂಬರ್ ಕೊನೆಯಲ್ಲಿ ಸುಮಾರು 9.30ರಿಂದ 11.10. ಗಡಿಯಾರದ ಹನ್ನೆರಡನ್ನು ನಡುಹಗಲೆಂದು ಲೆಕ್ಕ ಹಾಕಬೇಡಿ. ಭಾರತೀಯ ಕಾಲಮಾನದ ರೇಖೆಗಿಂತ ಬೆಂಗಳೂರು ಪಶ್ಚಿಮಕ್ಕಿರುವುದರಿಂದ ಇಲ್ಲಿ ಸೂರ್ಯನ ನಡುಹಗಲು ಸರಾಸರಿ 12.20ಕ್ಕೆ. 35 ಡಿಗ್ರಿಗಿಂತ ಕೆಳಗಿನ ಬೆಳಗಿನ ಹೊತ್ತೂ ಬೇಡ: ಬೆಳಕು ಕಡಿಮೆ, ನೆರಳು ಉದ್ದ, ನೀರಿನೊಳಗೆ ಇಳಿಯುವ ಪಾಲೂ ಕಡಿಮೆ.

ಗಾಳಿ ಸೆಕೆಂಡಿಗೆ 3-4 ಮೀಟರ್ ದಾಟಿದರೆ ಮನೆಗೆ ಹೋಗಿ. ಪೂರ್ತಿ ಗಾಳಿಯಿಲ್ಲದ ಬೆಳಗು ಥಳಕಿನ ಮಟ್ಟಿಗೆ ಒಳ್ಳೆಯದು, ಆದರೆ ಮೈಕ್ರೊಸಿಸ್ಟಿಸ್ ತನ್ನ ಗಾಳಿಚೀಲಗಳ ಬಲದಿಂದ ಮೇಲೆದ್ದು ಕೆನೆಗಟ್ಟುವುದೂ ಅಂಥ ಬೆಳಗಿನಲ್ಲೇ. ಹತ್ತು ಹೆಜ್ಜೆಯೊಳಗೆ ಸಾಂದ್ರತೆ ಹತ್ತುಪಟ್ಟು ಬದಲಾಗಬಹುದು. ಅದನ್ನು 7ನೇ ಹಂತದಲ್ಲಿ ನೆನಪಿಡಿ.

ಎಚ್ಚರಿಕೆಯ ಗುರುತು: ಚೂರುಚೂರು ಮೋಡ. ಪೂರ್ತಿ ಶುಭ್ರ ಆಕಾಶ ಒಳ್ಳೆಯದು. ಹಂಚಿಹೋದ ಮೋಡದಡಿ ಮೇಲ್ಮುಖ ಸಂವೇದಕ ನೆರಳಿನಲ್ಲಿ, ಕ್ಯಾಮೆರಾ ನೋಡುವ ನೀರು ಬಿಸಿಲಿನಲ್ಲಿ ಇರುತ್ತದೆ. ಆ ದತ್ತಾಂಶಕ್ಕೆ ಮದ್ದಿಲ್ಲ.

## 5. ಎಕ್ಸ್‌ಪೋಶರ್ ಮತ್ತು ಬೂದು ಫಲಕ

ಆಟೊ ಎಕ್ಸ್‌ಪೋಶರ್ ಬಂದ್ ಮಾಡಿ. ಏರಿ, ಮರ, ಕಟ್ಟಡ ಚೌಕಟ್ಟಿಗೆ ಬಂದ ಕೂಡಲೇ ಕ್ಯಾಮೆರಾ ಎಕ್ಸ್‌ಪೋಶರ್ ಇಳಿಸುತ್ತದೆ, ನೀರು ಕಪ್ಪಾಗಿ ಸಂಕೇತವೆಲ್ಲ ಗದ್ದಲದಲ್ಲಿ ಸೇರಿಹೋಗುತ್ತದೆ. ಕೆರೆಯ ಮೇಲೆ ಒಂದು ಪರೀಕ್ಷಾ ಚಿತ್ರ ತೆಗೆದು, ಅಲ್ಲಿನ ನೀರು ಕ್ಯಾಮೆರಾದ ಗರಿಷ್ಠದ ಮೂರನೇ ಒಂದರಿಂದ ಅರ್ಧದಷ್ಟು ತುಂಬುವಂತೆ ಎಕ್ಸ್‌ಪೋಶರ್ ಕಟ್ಟಿ. ದಡ ಬೆಳ್ಳಗಾಗಲಿ, ಅದು ನಮಗೆ ಬೇಕಿಲ್ಲ.

ಇಲ್ಲಿಂದ ಇನ್ನೊಂದು ತೊಡಕು ಹುಟ್ಟುತ್ತದೆ. ನೀರಿಗೆ ಕಟ್ಟಿದ ಎಕ್ಸ್‌ಪೋಶರ್‌ನಲ್ಲಿ ಬಿಳಿ ಫಲಕದ ಚಿತ್ರ ತೆಗೆದರೆ ಅದು ಉಕ್ಕಿ ಹರಿದಿರುತ್ತದೆ, ಅಂದರೆ ಎಲ್ಲ ಪಟ್ಟಿಯಲ್ಲೂ ಗರಿಷ್ಠ ಅಂಕಿ. ಹಾಗೆ ಉಕ್ಕಿದ ಫಲಕದಿಂದ ಭಾಗಿಸಿದ ಪ್ರತಿಫಲನ ಎಲ್ಲ ಕಡೆ ಹೆಚ್ಚು ತೋರುತ್ತದೆ, ಹೆಚ್ಚಿನ ಪ್ರಮಾಣವೂ ಪಟ್ಟಿಯಿಂದ ಪಟ್ಟಿಗೆ ಬೇರೆ. ಪ್ರತಿಫಲನ ನೂರಕ್ಕೆ 10ರಿಂದ 20 ಇರುವ ಬೂದು ಫಲಕ ಬಳಸಿ. ಬಿಳಿಯದೊಂದೇ ಇದ್ದರೆ ಅದಕ್ಕೆ ಬೇರೆ, ಚಿಕ್ಕ ಎಕ್ಸ್‌ಪೋಶರ್ ಇಟ್ಟು, ಎರಡು ಎಕ್ಸ್‌ಪೋಶರ್‌ಗಳ ಅನುಪಾತವನ್ನು ಲೆಕ್ಕದಲ್ಲಿ ಸೇರಿಸಿ.

ಹಾರಾಟಕ್ಕೆ ಮೊದಲು ಮೂರು ಚಿತ್ರ ಕಡ್ಡಾಯ: ಫಲಕ, ಲೆನ್ಸ್ ಮುಚ್ಚಿದ ಕಪ್ಪು ಚಿತ್ರ, ಕ್ಯಾಮೆರಾವನ್ನು ಮೇಲಕ್ಕೆ ತಿರುಗಿಸಿ ನೆತ್ತಿಯ ಆಕಾಶ, ಸೂರ್ಯ ಚೌಕಟ್ಟಿಗೆ ಬರದಂತೆ. ಇಳಿದ ಮೇಲೆ ಮತ್ತೆ ಈ ಮೂರೂ. ಆಕಾಶದ ಚಿತ್ರವನ್ನು ಎಲ್ಲರೂ ಬಿಡುತ್ತಾರೆ. ಪ್ರತಿಬಿಂಬವನ್ನು ಕಳೆಯಲು ಅದೊಂದೇ ಆಧಾರ.

## 6. ಹಾರಾಟದ ಗೆರೆಗಳು: ನೀರು ಹೊಲಿಗೆಗೆ ಸಿಗುವುದಿಲ್ಲ

"ಕೆರೆಯ ನಡುವೆ ದೊಡ್ಡ ತೂತು ಬಿದ್ದಿದೆ, ಓವರ್‌ಲ್ಯಾಪ್ ಹೆಚ್ಚಿಸಲೇ?" ಎಂದು ಕೇಳುವವರಿಗೆ ಉತ್ತರ: ಹೆಚ್ಚಿಸಿ ಪ್ರಯೋಜನವಿಲ್ಲ. ಚಿತ್ರಗಳನ್ನು ಹೊಲಿಯುವ ಸಾಫ್ಟ್‌ವೇರ್ ಎರಡು ಚಿತ್ರಗಳಲ್ಲಿ ಒಂದೇ ಕಲ್ಲು, ಒಂದೇ ಗಿಡ ಹುಡುಕಿ ಜೋಡಿಸುತ್ತದೆ. ನೀರಿನ ಮೇಲೆ ನಿಂತು ಸಿಗುವ ಗುರುತೇ ಇಲ್ಲ. ಇರುವ ಅಲೆಯೂ ಮುಂದಿನ ಚಿತ್ರದ ಹೊತ್ತಿಗೆ ಬೇರೆ ಕಡೆ ಹೋಗಿರುತ್ತದೆ.

ಸಣ್ಣ ಕೆರೆಯಾದರೆ ಪ್ರತಿ ಚಿತ್ರದಲ್ಲೂ ದಡದ ತುಣುಕು ಬರುವಂತೆ ಎತ್ತರ ಹೆಚ್ಚಿಸಿ ನೋಡಿ. ದೊಡ್ಡದಾದರೆ ಹೊಲಿಗೆಯ ಆಸೆ ಬಿಟ್ಟು, ಪ್ರತಿ ಚಿತ್ರವನ್ನೂ ಡ್ರೋನ್‌ನ ಜಿಪಿಎಸ್ ಮತ್ತು ವಾಲುವಿಕೆಯ ದಾಖಲೆಯಿಂದ ನೇರವಾಗಿ ನಕ್ಷೆಯ ಮೇಲೆ ಕೂರಿಸಿ. ಒಂದೆರಡು ಮೀಟರ್ ತಪ್ಪು ಬರುತ್ತದೆ, ಪರವಾಗಿಲ್ಲ. ಕೊನೆಗೆ ನಾವು ಒಂದು ಮೀಟರ್ ಚೌಕಕ್ಕೇ ಸರಾಸರಿ ಮಾಡುತ್ತೇವೆ. ನಕ್ಷೆಯೇ ಬೇಡ, ಬಿಂದುಗಳು ಸಾಕು ಎನ್ನುವವರು ಗೊತ್ತಾದ ಜಾಗಗಳ ಮೇಲೆ ಡ್ರೋನ್ ನಿಲ್ಲಿಸಿ ಒಂದೊಂದು ಕಡೆ ಇಪ್ಪತ್ತು ಚಿತ್ರ ತೆಗೆಯಲಿ. ಮೊದಲ ಸಲಕ್ಕೆ ನಾನು ಹೇಳುವುದು ಇದನ್ನೇ.

ಗೆರೆ ಗೆರೆಯಾಗಿ ಓದುವ ಪುಶ್‌ಬ್ರೂಮ್ ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ ಆಗಿದ್ದರೆ ಸೂರ್ಯನಿಗೆ ಮುಖ ಮಾಡಿ ಇಲ್ಲವೇ ಬೆನ್ನು ಮಾಡಿ ಹಾರಿಸಿ. ಅಡ್ಡ ಹಾರಿಸಿದರೆ ಪ್ರತಿ ಗೆರೆಯ ಒಂದು ತುದಿ ಥಳಕಿನಲ್ಲಿ, ಇನ್ನೊಂದು ತುದಿ ನೆರಳಿನಲ್ಲಿ ಇದ್ದು, ನಕ್ಷೆಯಲ್ಲಿ ಪಟ್ಟೆಪಟ್ಟೆ ಮೂಡುತ್ತದೆ. ಹಾರಾಟದ ದಿಕ್ಕಿಗೇ ಸರಿಯಾಗಿ ಸಾಗುವ ಪಟ್ಟೆಗಳು ಕಂಡರೆ ಅದು ಪಾಚಿಯಲ್ಲ ಎಂದು ತಿಳಿಯಿರಿ.

## 7. ನೀರಿನ ಮಾದರಿ: ಚಿತ್ರ ಮೊದಲು, ತೆಪ್ಪ ಆಮೇಲೆ

ತೆಪ್ಪ ಹೋದ ದಾರಿಯಲ್ಲಿ ಪಾಚಿಯ ಕೆನೆ ಒಡೆದು ಕೆಳಗಿನ ನೀರು ಮೇಲೆ ಬರುತ್ತದೆ. ಆದ್ದರಿಂದ ಬಿಂದುವಿನ ಮೇಲೆ ಡ್ರೋನ್ ಚಿತ್ರ ತೆಗೆದ ಮೇಲೆಯೇ ತೆಪ್ಪ ಅಲ್ಲಿಗೆ ಹೋಗಲಿ, ಗಾಳಿ ಬೀಸುವ ದಿಕ್ಕಿಗೆ ಎದುರಾಗಿ. ಎರಡರ ನಡುವೆ ಅರ್ಧ ಗಂಟೆ ಮೀರಬಾರದು. ಕೆನೆಗಟ್ಟಿದ ದಿನ ಹತ್ತು ನಿಮಿಷವೂ ಹೆಚ್ಚೇ.

ಮೇಲಿನ 30 ಸೆಂಟಿಮೀಟರ್ ನೀರನ್ನು ಸೇರಿಸಿ ತೆಗೆಯಿರಿ. ಪಾಚಿಗಟ್ಟಿದ ಕೆರೆಯಲ್ಲಿ ಕ್ಯಾಮೆರಾ ಕಾಣುವುದು ಅಷ್ಟೇ ಆಳ. ಬಕೆಟ್ ಎಸೆದು ಎಳೆದರೆ ಕೆನೆ ಹೆಚ್ಚು ಸೇರುತ್ತದೆ. ಬಾಟಲಿಯನ್ನು ಅರ್ಧ ಮೀಟರ್ ಕೆಳಗೆ ತೆರೆದರೆ ಏನೂ ಸೇರುವುದಿಲ್ಲ. ಒಂದೇ ಬಿಂದುವಿನ ಸುತ್ತ ಮೂರು ಕಡೆ ತೆಗೆದು ಕಲೆಸಿ. ಸೆಕಿ ತಟ್ಟೆಯ ಆಳ, ಗಾಳಿ, ಹೊತ್ತು ಬರೆದಿಡಿ. ಸೆಕಿ ಆಳವೂ ಕೆರೆಯ ಆಳವೂ ಹತ್ತಿರ ಹತ್ತಿರ ಬಂದರೆ ಕ್ಯಾಮೆರಾ ತಳದ ಕೆಸರನ್ನು ನೋಡುತ್ತಿದೆ. ಆ ಬಿಂದು ಬಿಡಿ.

ಬಿಂದುಗಳನ್ನು ಆರಿಸುವಾಗ ಹಸಿರು ದಟ್ಟವಾದ ಕಡೆಗೇ ಕೈ ಹೋಗುತ್ತದೆ. ಕೋಡಿಯ ಬಳಿಯ ತಿಳಿನೀರು, ರಾಜಕಾಲುವೆ ಬಂದು ಸೇರುವ ಕಲಕುನೀರು, ಗಾಳಿಯ ಕೆಳಗಿನ ದಡದ ಕೆನೆ, ನಟ್ಟನಡುವೆ — ಎಲ್ಲ ಬಗೆಯೂ ಬೇಕು. ಒಟ್ಟು 25-30 ಮಾದರಿ, ಕನಿಷ್ಠ ಮೂರ್ನಾಲ್ಕು ಬೇರೆ ಬೇರೆ ದಿನಗಳಿಂದ. ಮಳೆಯ ಮರುದಿನದ ಕೆಮ್ಮಣ್ಣು ನೀರನ್ನು ಒಂದು ಸಲವಾದರೂ ಸೇರಿಸಿ; ಆ ಮಣ್ಣು ಕೆಂಪು ಪಟ್ಟಿಗಳನ್ನೆಲ್ಲ ಎತ್ತಿಬಿಡುತ್ತದೆ, ನಿಮ್ಮ ಸೂತ್ರ ಅದನ್ನು ತಡೆಯುತ್ತದೋ ನೋಡಬೇಕು.

ಕೈಗವಸು ಬಿಡಬೇಡಿ. ಕೆಲವು ಸಯನೋಬ್ಯಾಕ್ಟೀರಿಯಾ ಚರ್ಮಕ್ಕೆ ತುರಿಕೆ ತರುತ್ತವೆ, ನೀರು ಬಾಯಿಗೆ ಹೋದರೆ ಇನ್ನೂ ಕೆಟ್ಟದ್ದು.

## 8. ಲ್ಯಾಬ್: ಎರಡು ವರ್ಣದ್ರವ್ಯಕ್ಕೆ ಎರಡು ದಾರಿ

ಮಾದರಿಯನ್ನು ಕತ್ತಲಲ್ಲಿ, ಐಸಿನ ಮೇಲೆ ತಂದು ಅದೇ ದಿನ ಸೋಸಿ. ಮೈಕ್ರೊಸಿಸ್ಟಿಸ್ ತೇಲುತ್ತದೆ, ಅಳೆಯುವ ಮೊದಲು ಬಾಟಲಿಯನ್ನು ಮೆಲ್ಲಗೆ ತಲೆಕೆಳಗು ಮಾಡಿ ಕಲೆಸದಿದ್ದರೆ ಮೊದಲು ಸುರಿದ ನೀರಿಗೂ ಕೊನೆಯದಕ್ಕೂ ಸಂಬಂಧವಿರುವುದಿಲ್ಲ. ಎರಡು ಜಿಎಫ್/ಎಫ್ (ಗಾಜಿನ ನಾರಿನ) ಸೋಸುಕಾಗದ ಮಾಡಿ, ಒಂದೊಂದು ವರ್ಣದ್ರವ್ಯಕ್ಕೆ ಒಂದು.

ಕ್ಲೋರೊಫಿಲ್‌ಗೆ 90 ಶೇಕಡಾ ಅಸಿಟೋನಿನಲ್ಲಿ ರಾತ್ರಿಯಿಡೀ, 4 ಡಿಗ್ರಿಯಲ್ಲಿ, ಕತ್ತಲಲ್ಲಿ ಇಟ್ಟು, 750ರ ಓದನ್ನು ಉಳಿದವುಗಳಿಂದ ಕಳೆದು ಸೂತ್ರ ಹಾಕಿ (ಎ664 ಎಂದರೆ 664 ನ್ಯಾನೊಮೀಟರಿನಲ್ಲಿ ದ್ರಾವಣದ ಹೀರಿಕೆ): 11.85 × ಎ664 − 1.54 × ಎ647 − 0.08 × ಎ630. ಒಂದು ಸೆಂಟಿಮೀಟರ್ ಅಗಲದ ಅಳತೆಸೀಸೆ ಅಂದರೆ ಕುವೆಟ್‌ನಲ್ಲಿ ಇದು ಪ್ರತಿ ಮಿಲಿಲೀಟರ್ ದ್ರಾವಣಕ್ಕೆ ಮೈಕ್ರೊಗ್ರಾಂ. ದ್ರಾವಣದ ಮಿಲಿಲೀಟರಿನಿಂದ ಗುಣಿಸಿ, ಸೋಸಿದ ನೀರಿನ ಲೀಟರಿನಿಂದ ಭಾಗಿಸಿ.

ಫೈಕೊಸಯನಿನ್ ಅಸಿಟೋನಿಗೆ ಬರುವುದಿಲ್ಲ. ಇದು ಪ್ರೋಟೀನ್, ನೀರಿನಲ್ಲಿ ಕರಗುತ್ತದೆ. ಫಾಸ್ಫೇಟ್ ಬಫರಿನಲ್ಲಿ ಹೆಪ್ಪುಗಟ್ಟಿಸಿ ಕರಗಿಸಿ, ಮತ್ತೆ ಹೆಪ್ಪುಗಟ್ಟಿಸಿ ಕರಗಿಸಿ ಕೋಶ ಒಡೆದು, ಸೆಂಟ್ರಿಫ್ಯೂಜ್ ಮಾಡಿ ಅಳೆಯಿರಿ: (ಎ615 − 0.474 × ಎ652) ÷ 5.34, ಮಿಲಿಲೀಟರಿಗೆ ಮಿಲಿಗ್ರಾಂ. ಮೈಕ್ರೊಸಿಸ್ಟಿಸ್‌ನ ಗುಂಪಿಗೆ ಲೋಳೆಯ ಹೊದಿಕೆ ಇರುವುದರಿಂದ ಒಂದೇ ಸುತ್ತಿಗೆ ಒಡೆಯುವುದಿಲ್ಲ. ತಳದಲ್ಲಿ ಕೂತದ್ದಕ್ಕೆ ಹೊಸ ಬಫರ್ ಹಾಕಿ ಇನ್ನೊಂದು ಸುತ್ತು ಮಾಡಿ ನೋಡಿ. ಮತ್ತೆ ನೀಲಿ ಬಿಟ್ಟರೆ ಮೊದಲ ಅಂಕಿ ಕಡಿಮೆ ಬಂದಿದೆ. "ಡ್ರೋನ್ ಹೆಚ್ಚು ತೋರಿಸುತ್ತಿದೆ" ಎಂಬ ಎಷ್ಟೋ ದೂರುಗಳ ಮೂಲ ಈ ಒಡೆಯದ ಕೋಶಗಳು.

## 9. ಚಿತ್ರ ಸಂಸ್ಕರಣೆ, ಇದೇ ಕ್ರಮದಲ್ಲಿ

ಮೊದಲು ಕಪ್ಪು ಚಿತ್ರ ಕಳೆಯಿರಿ. ಎರಡನೆಯದಾಗಿ, ಹೈಪರ್‌ಸ್ಪೆಕ್ಟ್ರಲ್ ಆದರೆ, ತರಂಗಾಂತರ ಸರಿಯಿದೆಯೇ ನೋಡಿ. ಫಲಕದ ಕಚ್ಚಾ ರೋಹಿತದಲ್ಲಿ, ಅಂದರೆ ತರಂಗಾಂತರವಾರು ಬೆಳಕಿನ ಗೆರೆಯಲ್ಲಿ, ಗಾಳಿಯ ಆಮ್ಲಜನಕದ ಕಿರಿದಾದ ತಗ್ಗು 760-761ರಲ್ಲಿ ಬರಬೇಕು. ಅದು 766ರಲ್ಲಿ ಕಂಡರೆ ನಿಮ್ಮ 620 ಎಂಬುದು 620 ಅಲ್ಲ. ಪ್ರತಿಫಲನಕ್ಕೆ ಬದಲಿಸಿದ ಮೇಲೆ ಈ ತಗ್ಗು ಮಾಯವಾಗುವುದರಿಂದ ಮೊದಲೇ ನೋಡಿ.

ಮೂರು: ನೀರಿನ ಸಂಕೇತದಿಂದ ಆಕಾಶದ ಸಂಕೇತದ ನೂರಕ್ಕೆ ಎರಡರಷ್ಟನ್ನು ಕಳೆದು, ಫಲಕದಿಂದ ಬಂದ ಬೀಳುಬೆಳಕಿನಿಂದ ಭಾಗಿಸಿ. ನೇರ ಕೆಳಗೆ ನೋಡುವ ಕ್ಯಾಮೆರಾಗೆ ಈ ಅಂಕಿ ಸರಿ. ದಡದಿಂದ 40 ಡಿಗ್ರಿ ಓರೆಯಲ್ಲಿ ಸ್ಪೆಕ್ಟ್ರೊಮೀಟರ್ ಹಿಡಿದವರು, ಮಂದಗಾಳಿಯಲ್ಲಿ, 0.028 ಬಳಸುವುದು ವಾಡಿಕೆ.

ನಾಲ್ಕು, ಥಳಕು ತೆಗೆಯುವುದು. ಇಲ್ಲಿ ನಿಲ್ಲಿ. ಸಮುದ್ರದ ಆಳವಿಲ್ಲದ ತಿಳಿನೀರಿಗೆಂದು ಮಾಡಿದ ವಿಧಾನವೊಂದು ಎಲ್ಲ ಕಡೆ ಬಳಕೆಯಲ್ಲಿದೆ: ಅವಕೆಂಪಿನಲ್ಲಿ ನೀರು ಕಪ್ಪು, ಹಾಗಾಗಿ ಅಲ್ಲಿ ಕಂಡ ಬೆಳಕೆಲ್ಲ ಥಳಕು, ಅದರ ಪಾಲನ್ನು ಉಳಿದ ಪಟ್ಟಿಗಳಿಂದ ಕಳೆಯಿರಿ ಎಂಬುದು ಅದರ ತರ್ಕ. ಪಾಚಿಗಟ್ಟಿದ ಕೆರೆಯಲ್ಲಿ ಅವಕೆಂಪು ಕಪ್ಪಲ್ಲ. ಪಾಚಿಯೂ ಮಣ್ಣೂ ಅಲ್ಲಿ ಬೆಳಕು ಚೆದರಿಸುತ್ತವೆ. ಈ ವಿಧಾನ ಹಾಕಿದರೆ ಪಾಚಿ ಹೆಚ್ಚಿರುವ ಕಡೆಯೇ ಹೆಚ್ಚು ಕಳೆದುಹೋಗುತ್ತದೆ. ಸಂಸ್ಕರಿಸಿದ ಮೇಲೆ ಕೆನೆಗಟ್ಟಿದ ಮೂಲೆ ತಿಳಿನೀರಿನಂತೆ ಕಂಡರೆ ಕಾರಣ ಇದೇ.

ಬದಲಿಗೆ ಸರಳ ದಾರಿ: ಒಂದು ಮೀಟರ್ ಚೌಕದೊಳಗಿನ ಪಿಕ್ಸೆಲ್‌ಗಳಲ್ಲಿ ಹೆಚ್ಚು ಬೆಳಗುವ ಅರ್ಧವನ್ನು ಎಸೆದು, ಉಳಿದುದರ ಮಧ್ಯಾಂಕ ತೆಗೆದುಕೊಳ್ಳಿ. ಒಂದೇ ಜಾಗದ ಇಪ್ಪತ್ತು ಚಿತ್ರಗಳಿದ್ದರೆ ಇದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಗದ್ದಲವೂ ಇಳಿಯುತ್ತದೆ.

ಐದು: ಅಂತರಗಂಗೆಯಂಥ ಜಲಕಳೆ, ನೊರೆ, ತೆಪ್ಪ, ಹಕ್ಕಿ, ದಡದ ಮರದ ನೆರಳು ಬಿದ್ದ ಅಂಚು — ಎಲ್ಲವನ್ನೂ ಲೆಕ್ಕಕ್ಕೆ ಬಾರದಂತೆ ಮುಚ್ಚಿಬಿಡಿ. ಕಳೆಗೂ ಪಾಚಿಯ ದಪ್ಪ ಕೆನೆಗೂ 750ರ ಆಚೆ ಒಂದೇ ಬಗೆಯ ಎತ್ತರದ ಸಮತಟ್ಟು ಇರುತ್ತದೆ. ವ್ಯತ್ಯಾಸ 620ರಲ್ಲಿದೆ: ಮೈಕ್ರೊಸಿಸ್ಟಿಸ್‌ನ ಕೆನೆಯಲ್ಲಿ ಅಲ್ಲೊಂದು ತಗ್ಗು ಉಳಿದಿರುತ್ತದೆ, ಕಳೆಯಲ್ಲಿ ಇರುವುದಿಲ್ಲ.

ಮುಂದೆ ಹೋಗುವ ಮೊದಲು ಹತ್ತಾರು ರೋಹಿತಗಳನ್ನು ಕಣ್ಣಾರೆ ನೋಡಿ. ಸಯನೋಬ್ಯಾಕ್ಟೀರಿಯಾ ತುಂಬಿದ ನೀರಿನ ರೋಹಿತ 550-570ರಲ್ಲಿ ಏರಿ, 620ರ ಬಳಿ ತಗ್ಗಿ, 650ರಲ್ಲಿ ಚಿಕ್ಕದಾಗಿ ಎದ್ದು, 675ರಲ್ಲಿ ಮತ್ತೆ ತಗ್ಗಿ, 700-710ರಲ್ಲಿ ಎದ್ದು, 740ರ ಆಚೆ ಇಳಿಯಬೇಕು. ಎಲ್ಲ ಪಟ್ಟಿಯೂ ಸಮನಾಗಿ ಎತ್ತರಕ್ಕೆ ಹೋಗಿದ್ದರೆ ಥಳಕು ಉಳಿದಿದೆ. ನೀಲಿಯ ಕಡೆ ಏರಿದ್ದರೆ ಆಕಾಶ ಪೂರ್ತಿ ಕಳೆದಿಲ್ಲ. ನೀಲಿಯಲ್ಲಿ ಸೊನ್ನೆಗಿಂತ ಕೆಳಗೆ ಹೋಗಿದ್ದರೆ ಹೆಚ್ಚು ಕಳೆದಿದ್ದೀರಿ.

## 10. ಸೂಚ್ಯಂಕದಿಂದ ಅಂಕಿಗೆ

ಕ್ಲೋರೊಫಿಲ್‌ಗೆ: 708ರ ಪ್ರತಿಫಲನದಿಂದ 665ರದನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿ. ಕಲಕುನೀರಿನಲ್ಲಿ ನೀಲಿ-ಹಸಿರು ಅನುಪಾತಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ಕೊಳೆತ ಎಲೆಯ ಕಂದುಬಣ್ಣವೂ ನೀಲಿಯನ್ನೇ ಹೀರುತ್ತದೆ.

ಫೈಕೊಸಯನಿನ್‌ಗೆ: 600 ಮತ್ತು 648ರ ಪ್ರತಿಫಲನಗಳ ಸರಾಸರಿಯಿಂದ 624ರದನ್ನು ಕಳೆಯಿರಿ, ತಗ್ಗಿನ ಆಳ ಸಿಗುತ್ತದೆ. ಅಥವಾ 709 ಮತ್ತು 620ರ ಅನುಪಾತ. ಎರಡನ್ನೂ ಮಾಡಿ, ಒಂದಕ್ಕೊಂದು ಹೊಂದದ ಬಿಂದುಗಳನ್ನು ಹುಡುಕಿ. ಕ್ಲೋರೊಫಿಲ್-ಎ ಕೂಡ 620ರಲ್ಲಿ ಸ್ವಲ್ಪ ಹೀರುತ್ತದೆ, ಕ್ಲೋರೊಫಿಲ್-ಬಿ 648ರ ಅಂಚನ್ನು ಕೆಳಗೆಳೆಯುತ್ತದೆ. ಫೈಕೊಸಯನಿನ್ ಕಡಿಮೆ ಇರುವ ನೀರಿನಲ್ಲಿ ಈ ಎರಡರ ಗದ್ದಲವೇ ಮೇಲಾಗುತ್ತದೆ.

ಆಮೇಲೆ ಲ್ಯಾಬ್ ಅಂಕಿಗಳ ಲಾಗ್ ತೆಗೆದು ಸೂಚ್ಯಂಕದೊಡನೆ ರೇಖೆ ಎಳೆಯಿರಿ. ಬೇರೆ ದೇಶದ ಕೆರೆಯ ಸೂತ್ರವನ್ನು ಹಾಗೇ ಎತ್ತಿ ಹಾಕಬೇಡಿ. ರೂಪ ತನ್ನಿ, ಗುಣಾಂಕ ನಿಮ್ಮ ಕೆರೆಯಿಂದಲೇ ಬರಲಿ. ಪರೀಕ್ಷೆಗೆ ಮಾದರಿ ಬೇರ್ಪಡಿಸುವಾಗ ಒಂದು ಪೂರ್ತಿ ದಿನವನ್ನು ಎತ್ತಿಡಿ. ಒಂದೇ ದಿನದ ಪಿಕ್ಸೆಲ್‌ಗಳನ್ನು ಚೀಟಿ ಎತ್ತಿದಂತೆ ಹಂಚಿದರೆ ಅಕ್ಕಪಕ್ಕದ ಪಿಕ್ಸೆಲ್ ಒಂದನ್ನೊಂದು ಊಹಿಸುತ್ತವೆ, ಹೊಂದಿಕೆಯ ಅಳತೆಯಾದ ಆರ್-ಸ್ಕ್ವೇರ್ 0.95 ಬರುತ್ತದೆ, ಮುಂದಿನ ವಾರ ಹಾರಿಸಿದಾಗ ಎಲ್ಲ ಕುಸಿಯುತ್ತದೆ. ಕೆನೆಯ ಎರಡು ಬಿಂದು ತೆಗೆದುಹಾಕಿದ ಕೂಡಲೇ ರೇಖೆ ಮಲಗಿಬಿಟ್ಟರೆ ನಿಮ್ಮ ಬಳಿ ಇರುವುದು ಎರಡು ಬಿಂದು, ಮೂವತ್ತಲ್ಲ.

## 11. ನಕ್ಷೆ ಬೇರೆಯವರ ಕೈಗೆ ಕೊಡುವ ಮೊದಲು

ಮಾದರಿಗಳಲ್ಲಿ ಸಿಕ್ಕ ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ಅಂಕಿಗಳ ಆಚೆಗೆ ಬಂದ ಪಿಕ್ಸೆಲ್‌ಗಳಿಗೆ ಬಣ್ಣ ಹಚ್ಚಬೇಡಿ, ಬೂದು ಬಿಡಿ. ಥಳಕಿಗೆ, ಕಳೆಗೆ, ನೆರಳಿಗೆ ಮುಚ್ಚಿದ ಜಾಗಗಳನ್ನು ಸುತ್ತಲಿನ ಅಂಕಿಯಿಂದ ತುಂಬಬೇಡಿ. ಹಾರಾಟದ ದಿನ, ಹೊತ್ತು, ಗಾಳಿ, ಸೂರ್ಯನ ಎತ್ತರ, ಮಾದರಿಗಳ ಸಂಖ್ಯೆ ನಕ್ಷೆಯ ಮೇಲೇ ಇರಲಿ. ಬೆಳಗ್ಗೆ ಒಂಬತ್ತಕ್ಕೆ ಏರಿಯ ಪಕ್ಕ ಇದ್ದ ಕೆನೆ ಸಂಜೆಗೆ ಗಾಳಿ ತಿರುಗಿದರೆ ಎದುರು ದಡದಲ್ಲಿರುತ್ತದೆ; ಹೊತ್ತು ಬರೆಯದ ನಕ್ಷೆ ಹಿಡಿದು ಯಾರೋ ಖಾಲಿ ದಡಕ್ಕೆ ಹೋಗುತ್ತಾರೆ.

ನಕ್ಷೆಯ ಶೀರ್ಷಿಕೆಯಲ್ಲಿ "ವಿಷಕಾರಿ ಪಾಚಿ" ಎಂದು ಬರೆಯುವ ಹುಮ್ಮಸ್ಸು ಬರುತ್ತದೆ. ಫೈಕೊಸಯನಿನ್ ವಿಷವಲ್ಲ. ಅದನ್ನು ಹೊತ್ತ ಮೈಕ್ರೊಸಿಸ್ಟಿಸ್‌ನ ಕೆಲವು ತಳಿಗಳು ಮೈಕ್ರೊಸಿಸ್ಟಿನ್ ಎಂಬ ವಿಷ ಮಾಡುತ್ತವೆ, ಕೆಲವು ಮಾಡುವುದಿಲ್ಲ. ಯಾವ ಕ್ಯಾಮೆರಾಗೂ ಆ ವಿಷ ಕಾಣುವುದಿಲ್ಲ. ಅಂಕಿ ಹೆಚ್ಚಿರುವ ಜಾಗಗಳಿಂದ ಮಾದರಿ ತೆಗೆದು ವಿಷದ ಪರೀಕ್ಷೆಗೆ ಕಳಿಸಿ, ವರದಿ ಬರುವವರೆಗೆ ಆ ದಡದಲ್ಲಿ ದನಕರುಗಳಿಗೆ ನೀರು ಕುಡಿಸದಂತೆ ಊರವರಿಗೆ ಹೇಳಿ.